ನೀರು ಎಲ್ಲಿಂದ ನುಗ್ಗುತ್ತದೆ ನೋಡಿ, ಆಮೇಲೆ ಹೌಸಿಂಗ್ ಕೊಳ್ಳಿ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೊರಡುವ ಡೈವಿಂಗ್ ದೋಣಿಗಳಲ್ಲಿ ಈಗ ಬಗೆಬಗೆಯ ಕ್ಯಾಮೆರಾಗಳು ಕಾಣುತ್ತವೆ. ಅಂಗೈಯಗಲದ ಗೋಪ್ರೊ ಇರುತ್ತದೆ, ಎರಡು ತೋಳಿಗೆ ಎರಡು ಸ್ಟ್ರೋಬ್ ದೀಪ ಸಿಕ್ಕಿಸಿದ ಮಿರರ್‌ಲೆಸ್ ಕೂಡ ಇರುತ್ತದೆ. ಕ್ಯಾಮೆರಾವನ್ನು ನೀರಿನಿಂದ ಕಾಯುವ ಪೆಟ್ಟಿಗೆಯನ್ನು, ಅಂದರೆ ಹೌಸಿಂಗನ್ನು, ಕೊಳ್ಳಲು ಹೊರಟವರು ನನ್ನನ್ನು ಮೊದಲು ಕೇಳುವುದು, ‘ಎಷ್ಟು ಮೀಟರ್ ಆಳ ತಡೆಯುತ್ತದೆ?’ ಎಂದು. ನಾನು ಅವರನ್ನು ತಿರುಗಿ ಕೇಳುವುದು, ‘ನೀರಿಗೆ ಇಳಿಸುವ ಮೊದಲೇ ಅದು ಸೋರುವುದಿಲ್ಲವೆಂದು ನೀವೇ ಪರೀಕ್ಷಿಸಿ ನೋಡಬಹುದೆ?’ ಎಂದು. ಹಾಗೆ ನೋಡಲು ಬರುವ ಹೌಸಿಂಗನ್ನೇ ನಾನು ನಂಬುವುದು. ಕೆಳಗಿನ ಮಾತುಗಳೆಲ್ಲ ಆ ಪ್ರಶ್ನೆಯಿಂದಲೇ ಹುಟ್ಟಿದವು.

1. ಆಳದ ಅಂಕಿ ನೋಡಿ, ಅಲ್ಲಿಗೇ ನಿಲ್ಲಬೇಡಿ

ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಸುಮಾರು ಒಂದು ವಾಯುಭಾರದಷ್ಟು ಏರುತ್ತದೆ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋ ಭಾರ. ಹತ್ತು ಸೆಂಟಿಮೀಟರ್ ವ್ಯಾಸದ ಮುಂಗಾಜಿನ ಮೇಲೆ 30 ಮೀಟರ್ ಆಳದಲ್ಲಿ 230 ಕಿಲೋಗೂ ಮಿಕ್ಕಿ ಒತ್ತಡ ಬೀಳುತ್ತದೆ. ಹೆದರಿಸುವ ಲೆಕ್ಕ, ನಿಜ. ಆದರೆ ಇದೇ ಒತ್ತಡ ಮುಚ್ಚಳವನ್ನು ಪೆಟ್ಟಿಗೆಗೆ ಅದುಮಿ ಹಿಡಿಯುತ್ತದೆ, ರಬ್ಬರಿನ ರಿಂಗ್ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಮೇಲೆ, ಅರ್ಧ ಮೀಟರ್ ನೀರಿನಲ್ಲಿ, ಅದುಮಲು ಯಾರೂ ಇಲ್ಲ. ಇರುವುದು ಕೊಂಡಿಯ ಬಿಗಿ ಮಾತ್ರ. ದೋಣಿಯಿಂದ ಧುಮುಕುವಾಗ, ಅಲೆಗೆ ಸಿಕ್ಕಿ ಏಣಿಗೆ ಬಡಿಯುವಾಗ, ದೋಣಿಯ ಮೇಲಿನ ತೊಳೆಯುವ ತೊಟ್ಟಿಯಲ್ಲಿ ನಾಲ್ಕು ಕ್ಯಾಮೆರಾ ಒಂದಕ್ಕೊಂದು ತಾಗುವಾಗ ನೀರು ನುಗ್ಗಿದ್ದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಮನರಂಜನೆಯ ಡೈವಿಂಗಿಗೆ 40 ಮೀಟರ್ ಕೊನೆಯ ಗಡಿ. ಓಪನ್ ವಾಟರ್ ತರಬೇತಿ ಮುಗಿಸಿದವರಿಗೆ 18, ಮೊದಲ ಸಲ ಇಳಿಯುವವರಿಗೆ 12. ಹಾಗಾಗಿ 40 ಮೀಟರಿನ ಹೌಸಿಂಗ್ ನಮ್ಮಲ್ಲಿ ಬಹುತೇಕ ಎಲ್ಲರಿಗೂ ಸಾಕು. 100 ಮೀಟರಿನದ್ದಕ್ಕೆ ದುಡ್ಡು ಸುರಿಯುವುದಾದರೆ ಬೇರೆ ಕಾರಣವಿರಬೇಕು. ಹಾಗೆಂದು ಬರಿಯ ‘ವಾಟರ್‌ಪ್ರೂಫ್’ ಎಂಬ ಚೀಟಿಯನ್ನೂ ನಂಬಬೇಡಿ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ, ಅದೂ ಅಲುಗಾಡದ ಸಿಹಿನೀರಿನಲ್ಲಿ. ಒಲಿಂಪಸ್ ಟಿಜಿ-6 ಹೌಸಿಂಗ್ ಇಲ್ಲದೆ 15 ಮೀಟರ್ ತಡೆಯುತ್ತದೆ. ಅದರಾಚೆ ಇಳಿಯುವುದಾದರೆ ಅದಕ್ಕೂ ಹೌಸಿಂಗ್ ಬೇಕೇ ಬೇಕು.

2. ಓ-ರಿಂಗ್ ಕಣ್ಣಿಗೆ ಕಾಣಬೇಕು, ಬೆರಳಿಗೆ ಸಿಗಬೇಕು

ಹೌಸಿಂಗಿನ ಪ್ರಾಣವಿರುವುದು ಮುಚ್ಚಳದ ಸುತ್ತ ಕುಳಿತ ಆ ರಬ್ಬರ್ ಬಳೆಯಲ್ಲಿ. ಅಂಗಡಿಯಲ್ಲಿ ನಾನು ಮೊದಲು ಮಾಡುವ ಕೆಲಸ ಅದನ್ನು ಹೊರತೆಗೆಯುವುದು. ಎರಡು ಹೆಬ್ಬೆರಳುಗಳಿಂದ ಎರಡೂ ಕಡೆ ಒತ್ತಿ ನಡುವೆ ತಳ್ಳಿದರೆ ರಿಂಗ್ ಕಮಾನಿನಂತೆ ಮೇಲೇಳಬೇಕು. ಏಳದೆ, ಚಾಕುವೋ ಪಿನ್ನೋ ಹಾಕಿ ಎಬ್ಬಿಸಬೇಕಾದ ವಿನ್ಯಾಸವಿದ್ದರೆ ಆ ಹೌಸಿಂಗ್ ಬೇಡ. ಒಂದಲ್ಲ ಒಂದು ದಿನ ಪಿನ್ನಿನ ತುದಿ ರಿಂಗಿಗೋ ಅದು ಕೂರುವ ತೋಡಿಗೋ ಗೀರು ಹಾಕುತ್ತದೆ. ರಿಂಗಿನ ಗೀರಿಗೆ ಹೊಸ ರಿಂಗ್ ಸಿಗುತ್ತದೆ, ತೋಡಿನ ಗೀರಿಗೆ ಮದ್ದಿಲ್ಲ.

ತೆಗೆದ ರಿಂಗನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಕಣ್ಣುಮುಚ್ಚಿ ಒಂದು ಸುತ್ತು ಎಳೆಯಿರಿ. ಕಣ್ಣಿಗೆ ಕಾಣದ ಮರಳ ಕಾಳು ಬೆರಳಿಗೆ ತಾಗುತ್ತದೆ. ಒಂದು ತಲೆಗೂದಲು ರಿಂಗಿಗೆ ಅಡ್ಡಬಿದ್ದರೂ ಸಾಕು, ಅದರ ಪಕ್ಕದ ಸೂಕ್ಷ್ಮ ಸಂದಿನಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಟವೆಲಿನ ನೂಲು ಇನ್ನೂ ಕೆಟ್ಟದ್ದು. ಅದಕ್ಕೇ ದೋಣಿಯ ಮೇಲೆ, ಗಾಳಿಯಲ್ಲಿ, ಒದ್ದೆ ತಲೆಯನ್ನು ಬಗ್ಗಿಸಿಕೊಂಡು ಯಾರೂ ಹೌಸಿಂಗ್ ತೆರೆಯಬಾರದು.

ಗ್ರೀಸ್ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ನೀರನ್ನು ತಡೆಯುವುದು ರಬ್ಬರ್. ಗ್ರೀಸ್ ಇರುವುದು ರಿಂಗ್ ತಿರುಚಿಕೊಳ್ಳದೆ ಜಾರಿ ಸರಿಯಾಗಿ ಕೂರಲಿ ಎಂದಷ್ಟೆ. ಅಕ್ಕಿಕಾಳಿನಷ್ಟು ಹಚ್ಚಿ, ರಿಂಗ್ ಮಿನುಗಿದರೆ ಮುಗಿಯಿತು. ಮೆತ್ತಿದರೆ ಮರಳನ್ನು ಕರೆದಂತೆ. ಯಾವ ಗ್ರೀಸ್ ಎಂಬುದೂ ಮುಖ್ಯ. ಮಾಮೂಲಿ ಕಪ್ಪು ನೈಟ್ರೈಲ್ ರಿಂಗಿಗೆ ಸಿಲಿಕೋನ್ ಗ್ರೀಸ್ ಒಳ್ಳೆಯದು. ಅದೇ ಗ್ರೀಸ್ ಸಿಲಿಕೋನ್ ರಿಂಗನ್ನು ಉಬ್ಬಿಸಿ ಹಿಗ್ಗಿಸಿಬಿಡಬಹುದು. ಹೌಸಿಂಗ್ ಮಾಡಿದವರು ಕೊಟ್ಟ ಟ್ಯೂಬನ್ನೇ ಬಳಸಿ.

ರಿಂಗ್ ಕೂರುವ ರೀತಿಯನ್ನೂ ಗಮನಿಸಿ. ಕುಕ್ಕರಿನ ಗ್ಯಾಸ್ಕೆಟ್ಟಿನಂತೆ ಎರಡು ಚಪ್ಪಟೆ ಅಂಚುಗಳ ನಡುವೆ ಅದುಮಿಸಿಕೊಂಡು ಕೂರುವುದು ಒಂದು ಬಗೆ; ಇಲ್ಲಿ ಕೊಂಡಿಗಳು ಎಲ್ಲ ಕಡೆ ಒಂದೇ ಸಮನೆ ಬಿಗಿಯಬೇಕು, ಒಂದೇ ಕೊಂಡಿಯಿರುವ ಹೌಸಿಂಗಿನಲ್ಲಿ ಕೀಲಿನ ಬದಿ ಸಡಿಲಾಗಿರಬಹುದು. ಕೊಳವೆಯೊಳಗೆ ಕೊಳವೆ ತೂರಿ, ನಡುವೆ ರಿಂಗ್ ಸುತ್ತಿಕೊಂಡಿರುವುದು ಇನ್ನೊಂದು ಬಗೆ. ತುಸು ಅಲುಗಿದರೂ ಇದರ ಹಿಡಿತ ತಪ್ಪುವುದಿಲ್ಲ. ನನ್ನ ಒಲವು ಎರಡನೆಯದರ ಕಡೆಗೆ.

3. ಒಂದೇ ಒಂದು ಸೌಕರ್ಯಕ್ಕೆ ಹೆಚ್ಚು ದುಡ್ಡು ಕೊಡುವುದಾದರೆ ಅದು ವ್ಯಾಕ್ಯೂಮ್ ಪರೀಕ್ಷೆ

ಹೌಸಿಂಗಿಗೆ ಒಂದು ವಾಲ್ವ್, ಒಂದು ಕೈಪಂಪು, ಒಳಗೆ ಒತ್ತಡ ಅಳೆಯುವ ಪುಟ್ಟ ಸರ್ಕ್ಯೂಟ್. ಮುಚ್ಚಿದ ಮೇಲೆ ಪಂಪಿನಿಂದ ಒಳಗಿನ ಒಂದಷ್ಟು ಗಾಳಿ ಎಳೆದರೆ ಹಸಿರು ದೀಪ ಹತ್ತುತ್ತದೆ. ಇಪ್ಪತ್ತು, ಮೂವತ್ತು ನಿಮಿಷ ಬಿಡಿ. ಎಲ್ಲಾದರೂ ಸಂದಿದ್ದರೆ ಹೊರಗಿನ ಗಾಳಿ ಒಳನುಸುಳಿ ದೀಪದ ಬಣ್ಣ ಬದಲಾಗುತ್ತದೆ. ಸೋರುವುದು ಗಾಳಿ, ನೀರಲ್ಲ. ಅದೂ ನೀವಿನ್ನೂ ಒಣ ನೆಲದಲ್ಲಿರುವಾಗ. ಜೊತೆಗೆ ಒಳಗಿನ ಒತ್ತಡ ತಗ್ಗಿರುವುದರಿಂದ ವಾಯುಮಂಡಲವೇ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ. ಮೇಲ್ಮೈಯಲ್ಲಿ ಹೌಸಿಂಗ್ ದುರ್ಬಲ ಎಂದೆನಲ್ಲ, ಆ ಕೊರತೆ ಇದರಿಂದ ತುಂಬಿತು.

ಬಿಸಿಲಲ್ಲಿಟ್ಟು ಪರೀಕ್ಷಿಸಬೇಡಿ. ಒಳಗಿನ ಗಾಳಿ ಕಾದು ಹಿಗ್ಗಿದರೂ ದೀಪ ಸುಮ್ಮನೆ ಗಾಬರಿಪಡಿಸುತ್ತದೆ.

ಕೆಲವು ಹೌಸಿಂಗ್‌ಗಳಲ್ಲಿ ‘ಲೀಕ್ ಅಲಾರಂ’ ಮಾತ್ರ ಇರುತ್ತದೆ. ಎರಡು ತಂತಿಯ ನಡುವೆ ತೇವ ತಾಗಿದಾಗ ಕೂಗುವಂಥದ್ದು. ಇರಲಿ, ಒಳ್ಳೆಯದೇ. ಆದರೆ ಅದು ಕೂಗುವುದು ನೀರು ಒಳಗೆ ಬಂದ ಮೇಲೆ. ವ್ಯಾಕ್ಯೂಮ್ ಇಲ್ಲದ ಹೌಸಿಂಗ್ ನಿಮ್ಮ ಬಳಿ ಈಗಾಗಲೇ ಇದ್ದರೆ ಅದರಲ್ಲಿ ಬಿರಡೆ ಹಾಕಿದ ಹೆಚ್ಚುವರಿ ತೂತೊಂದಿದೆಯೇ ನೋಡಿ. ಇದ್ದರೆ ವಾಲ್ವನ್ನು ಆಮೇಲೆಯೂ ಕೂರಿಸಬಹುದು.

4. ಪ್ಲಾಸ್ಟಿಕ್ಕೋ ಅಲ್ಯೂಮಿನಿಯಮ್ಮೋ

ಪಾಲಿಕಾರ್ಬನೇಟ್ ಅಗ್ಗ, ಪಾರದರ್ಶಕ. ಮುಚ್ಚಿದ ಮೇಲೆ ರಿಂಗ್ ಸುತ್ತಲೂ ಒಂದೇ ದಪ್ಪದ ಕಪ್ಪು ಗೆರೆಯಾಗಿ ಕೂತಿದೆಯೋ ಎಂದು ಹೊರಗಿನಿಂದಲೇ ನೋಡಬಹುದು. ಹೊಸಬರಿಗೆ ನಾನು ಇದನ್ನೇ ಹೇಳುವುದು. ಆದರೆ ಸೊಳ್ಳೆ ಓಡಿಸುವ ಕ್ರೀಮು, ಸ್ಪಿರಿಟ್, ಪೆಟ್ರೋಲ್ ತಾಗಿದರೆ ಇದರಲ್ಲಿ ಸಣ್ಣ ಬಿರುಕುಗಳೇಳುತ್ತವೆ. ಆಳಕ್ಕೆ ಹೋದಾಗ ಗುಂಡಿಗಳ ಸ್ಪ್ರಿಂಗ್ ಒತ್ತಡಕ್ಕೆ ಸೋತು, ಗುಂಡಿ ತಾನಾಗಿಯೇ ಒತ್ತಿಕೊಂಡು ನಿಲ್ಲುವುದೂ ಉಂಟು.

ಅಲ್ಯೂಮಿನಿಯಂ ಗಟ್ಟಿ, ಗುಂಡಿಗಳು ನಿಖರ. ಶಾಖವನ್ನು ಬೇಗ ಬಿಟ್ಟುಕೊಡುವುದರಿಂದ ಒಳಗಿನ ತೇವ ಗೋಡೆಗೆ ಹನಿಯಾಗಿ ಕೂರುತ್ತದೆ, ಮುಂಗಾಜು ಮಬ್ಬಾಗುವುದು ಕಡಿಮೆ. ಇದರ ಶತ್ರು ಸ್ಟೀಲ್ ಸ್ಕ್ರೂ. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ.

ಮೆತುವಾದ ಚೀಲದಂಥ ಹೌಸಿಂಗ್ ಈಜುಕೊಳಕ್ಕೆ ಸರಿ. ಹತ್ತು ಮೀಟರಿನಲ್ಲಿ ಅದರೊಳಗಿನ ಗಾಳಿ ಅರ್ಧಕ್ಕೆ ಕುಗ್ಗಿ, ಚೀಲ ಗುಂಡಿಗಳಿಗೆ ಅಂಟಿಕೊಳ್ಳುತ್ತದೆ. ಡೈವಿಂಗಿಗೆ ಬೇಡ.

5. ಕ್ಯಾಮೆರಾ ಕೊಂಡು ಹೌಸಿಂಗ್ ಹುಡುಕಬೇಡಿ

ಹೌಸಿಂಗ್ ಒಂದು ಮಾದರಿಗೆ ಮಾಡಿದ ಅಚ್ಚು. ಗುಂಡಿ ಎರಡು ಮಿಲಿಮೀಟರ್ ಸರಿದರೂ ಕೆಲಸ ಕೆಟ್ಟಿತು. ಮೊದಲು ಹೌಸಿಂಗ್ ಆರಿಸಿ, ಅದಕ್ಕೆ ಒಗ್ಗುವ ಕ್ಯಾಮೆರಾವನ್ನು ಒಟ್ಟಿಗೇ ಕೊಳ್ಳಿ. ದುಡ್ಡಿದ್ದರೆ ಅದೇ ಕ್ಯಾಮೆರಾದ ಹಳೆಯ ಬಾಡಿಯೊಂದನ್ನು ಎತ್ತಿಡಿ. ಮಾದರಿ ನಿಂತುಹೋದ ಮೇಲೂ ಹೌಸಿಂಗ್ ಬದುಕಿರುತ್ತದೆ.

6. ಮುಂಗಾಜನ್ನು ನಿಮ್ಮ ಕಡಲಿಗೆ ತಕ್ಕಂತೆ ಆರಿಸಿ

ಚಪ್ಪಟೆ ಮುಂಗಾಜು, ಅಂದರೆ ಚಪ್ಪಟೆ ಪೋರ್ಟ್, ನೀರಿನಲ್ಲಿ ಎಲ್ಲವನ್ನೂ ಮೂರನೇ ಒಂದು ಪಾಲು ದೊಡ್ಡದು ಮಾಡಿ ತೋರಿಸುತ್ತದೆ. ಬಂಡೆಗೆ ಅಂಟಿದ ಬೆರಳುದ್ದದ ನ್ಯೂಡಿಬ್ರಾಂಕ್ ಎಂಬ ಕಡಲ ಹುಳುವಿನ ಚಿತ್ರ ತೆಗೆಯಲು ವರ. ಮೀನಿನ ಹಿಂಡು ತೆಗೆಯಲು ಹೋದರೆ ಚೌಕಟ್ಟೇ ಸಾಲದು. ಅದಕ್ಕೆ ಗುಮ್ಮಟದಂಥ ಡೋಮ್ ಪೋರ್ಟ್ ಬೇಕು. ನಮ್ಮ ಕರಾವಳಿಯ ನೀರು ಎಲ್ಲ ದಿನವೂ ತಿಳಿಯಾಗಿರುವುದಿಲ್ಲ. ದೂರದಿಂದ ತೆಗೆದ ಚಿತ್ರ ಹಸಿರು ಮಂಜಾಗುತ್ತದೆ. ಹತ್ತಿರ ಹೋಗಿಯೂ ಅಗಲವಾಗಿ ನೋಡುವ ಲೆನ್ಸ್ ಇಲ್ಲಿ ಹೆಚ್ಚು ಉಪಯೋಗ. ಸ್ಟ್ರೋಬಿಗೆ ಫೈಬರ್ ಆಪ್ಟಿಕ್ ಜೋಡಣೆಯಿರಲಿ. ಬೆಳಕು ಗೋಡೆಯ ಮೂಲಕವೇ ಹೋಗುತ್ತದೆ, ಹೌಸಿಂಗಿಗೆ ಇನ್ನೊಂದು ತೂತು ಬೇಕಿಲ್ಲ.

7. ಬಿಡಿಭಾಗ ಸಿಗುತ್ತದೆಯೇ?

ಮುಚ್ಚಳದ ದೊಡ್ಡ ರಿಂಗನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ಪ್ರತಿ ಗುಂಡಿಯ ದಂಡಕ್ಕೂ ಒಳಗೊಂದು ಪುಟ್ಟ ರಿಂಗ್ ಇದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಒಂದೊಂದೇ ಗುಂಡಿ ಒತ್ತಿ ಬಿಡಿ; ಥಟ್ಟನೆ ಎದ್ದು ಬರಬೇಕು. ತಡವಾಗಿ ಎದ್ದರೆ ದಂಡಕ್ಕೆ ಉಪ್ಪು ಕಟ್ಟಿದೆ, ಆ ಉಪ್ಪಿನ ಹರಳು ರಿಂಗನ್ನು ಕೊಯ್ಯುತ್ತಿದೆ ಎಂದು ತಿಳಿಯಿರಿ. ನಿಕಾನ್ 2001ರಲ್ಲಿ ನಿಕಾನೋಸ್ ಎಂಬ ನೀರೊಳಗಿನ ಕ್ಯಾಮೆರಾದ ತಯಾರಿಕೆ ನಿಲ್ಲಿಸಿತು. ಇಂದಿಗೂ ಅದನ್ನು ನೀರಿಗಿಳಿಸುವವರಿದ್ದಾರೆ, ರಿಂಗುಗಳು ಸಿಗುತ್ತಿರುವುದರಿಂದ. ಕೊಳ್ಳುವ ದಿನವೇ ಎರಡು ಸೆಟ್ ಹೆಚ್ಚಿಗೆ ತೆಗೆದುಕೊಳ್ಳಿ.

ಡೈವ್ ಮುಗಿದ ಮೇಲೆ ಸಿಹಿನೀರಿನಲ್ಲಿ ಮುಳುಗಿಸಿಟ್ಟು, ಅಲ್ಲೇ ಎಲ್ಲ ಗುಂಡಿಗಳನ್ನೂ ಹತ್ತಾರು ಸಲ ಒತ್ತಿ. ಮೇಲಿನಿಂದ ನಲ್ಲಿ ನೀರು ಬಿಟ್ಟರೆ ಗುಂಡಿಯಡಿಯ ಉಪ್ಪು ಹೋಗುವುದಿಲ್ಲ.

8. ಮೊದಲ ಡೈವ್ ಖಾಲಿ ಹೌಸಿಂಗಿನದ್ದು

ಒಳಗೆ ಕ್ಯಾಮೆರಾ ಬದಲು ಟಿಶ್ಯೂ ಕಾಗದ ಮತ್ತು ಭಾರಕ್ಕೆ ಏನಾದರೂ ಇಟ್ಟು, ನೀವು ನಿಜಕ್ಕೂ ಹೋಗುವ ಆಳಕ್ಕೆ ಒಯ್ಯಿರಿ. ಅಲ್ಲಿ ಎಲ್ಲ ಗುಂಡಿ ಒತ್ತಿ ನೋಡಿ. ಮೇಲೆ ಬಂದು ಹೊರಭಾಗ ಪೂರ್ತಿ ಒರೆಸಿ ತೆರೆದಾಗ ಕಾಗದ ಗರಿಗರಿಯಾಗಿದ್ದರೆ ಕ್ಯಾಮೆರಾ ಹಾಕಬಹುದು. ರಿಂಗ್ ಬದಲಿಸಿದಾಗಲೂ ಹೀಗೇ ಮಾಡಿ.

ಕ್ಯಾಮೆರಾ ಒಳಗಿರುವಾಗಲೇ ನೀರು ಕಂಡರೆ ಪೋರ್ಟ್ ಕೆಳಮುಖವಾಗಿ ಹಿಡಿಯಿರಿ. ನೀರು ಗಾಜಿನ ಕಡೆ ಇಳಿದು ಬಾಡಿ ಕೊಂಚ ಉಳಿಯುತ್ತದೆ. ಮೇಲೇರುವ ವೇಗ ಮಾತ್ರ ಎಂದಿನದೇ, ನಿಮಿಷಕ್ಕೆ 9 ಮೀಟರ್ ಮೀರದಂತೆ. 5 ಮೀಟರಿನಲ್ಲಿ ಮೂರು ನಿಮಿಷದ ನಿಲುಗಡೆಯನ್ನು ಯಾವ ಕ್ಯಾಮೆರಾಗಾಗಿಯೂ ಬಿಡಬೇಡಿ. ದೋಣಿಗೆ ಬಂದ ಮೇಲೆ ಆನ್ ಮಾಡಿ ನೋಡುವ ಆಸೆ ತಡೆದು, ಮೊದಲು ಬ್ಯಾಟರಿ ತೆಗೆಯಿರಿ, ಆಮೇಲೆ ಕಾರ್ಡು.