ಬಿಗಿಯಾದ ಬೇರಿಂಗನ್ನು ಏರಿಸುವ ಬಗೆ

ಭೀಮಾತೀರದ ಮಣ್ಣೂರ ಸೀಮೆಯಲ್ಲಿ ತೊಗರಿ, ಜೋಳಗಳ ರಾಶಿಯ ಕಾಲಕ್ಕೆ ಯಂತ್ರದ ಬೇರಿಂಗ್ ಕೆಟ್ಟಿತೆಂದರೆ ಕಣದ ಕೆಲಸವೇ ನಿಂತುಹೋಗುತ್ತದೆ. ಹೊಸದನ್ನು ಸುತ್ತಿಗೆಯಿಂದ ಬಡಿದು ಕೂಡಿಸುವುದು ಅವಸರದ ರೂಢಿ. ಆದರೆ ಶಾಫ್ಟನ್ನು ಬಿಗಿದಪ್ಪುವುದು ಒಳಬಳೆ. ಹೊರಬಳೆಗೆ ಬಿದ್ದ ಪೆಟ್ಟು ಗುಂಡುಗಳ ಮೂಲಕವೇ ಅದನ್ನು ತಲುಪಿ, ಅವು ಉರುಳುವ ಹಾದಿಯಲ್ಲಿ ತಗ್ಗು ಮೂಡಿಸುತ್ತದೆ. ಬೇರಿಂಗ್ ಏರುವಾಗಲೇ ಕೆಟ್ಟಂತಾಯಿತು.

ಬಂಡಿಯ ಗಾಲಿಗೆ ಕಮ್ಮಾರನು ಕಬ್ಬಿಣದ ಹಳಿಯನ್ನು ಕಾಯಿಸಿ ತೊಡಿಸುವುದನ್ನು ಕಂಡವರಿಗೆ ಇದರ ಪರಿಹಾರ ಹೊಸದಲ್ಲ. ಬೇರಿಂಗನ್ನು ಪಾತ್ರೆಯ ತಳಕ್ಕೆ ತಾಗದಂತೆ ಶುದ್ಧವಾದ ಎಣ್ಣೆಯಲ್ಲಿ ತೂಗಬಿಟ್ಟು ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. 120 ದಾಟಿದರೆ ಉಕ್ಕಿನ ಹದ ಕೆಡಬಹುದು. ಆಗ 50 ಮಿಲಿಮೀಟರ್ ವ್ಯಾಸದ ರಂಧ್ರವು ಸುಮಾರು 0.04 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟು ಸಾಕು, ದಪ್ಪ ಬಟ್ಟೆಯಲ್ಲಿ ಹಿಡಿದು ಒತ್ತಿದರೆ ಜಾರಿ ಕೂಡುತ್ತದೆ. ಆರುವವರೆಗೂ ಅದನ್ನು ಒತ್ತಿ ಹಿಡಿದಿರಬೇಕು. ಗ್ರೀಸು ತುಂಬಿ ಮುಚ್ಚಿದ ಬೇರಿಂಗನ್ನು ಮಾತ್ರ ಎಣ್ಣೆಗೆ ಇಳಿಸಲಾಗದು.