ಬೆನ್ನುಹುರಿ ಪೆಟ್ಟು ಮತ್ತು ಉಸಿರಾಟ: ನೆನಪಿಡಬೇಕಾದ ಅಂಶಗಳು

• ವಪೆ: ಉಸಿರಾಟದ ಮುಖ್ಯ ಸ್ನಾಯು. ಇದನ್ನು ನಿಯಂತ್ರಿಸುವ ಫ್ರೆನಿಕ್ ನರ ಕುತ್ತಿಗೆಯ ಸಿ3, ಸಿ4, ಸಿ5 ಮಟ್ಟದಿಂದ ಹೊರಡುತ್ತದೆ.

• ಸಿ3ಗಿಂತ ಮೇಲೆ ಬೆನ್ನುಹುರಿಗೆ ಪೂರ್ಣ ಹಾನಿಯಾದರೆ ವಪೆ ನಿಲ್ಲುತ್ತದೆ; ವೆಂಟಿಲೇಟರ್ ಅನಿವಾರ್ಯ.

• ಕುತ್ತಿಗೆಯ ಕೆಳಭಾಗದಲ್ಲಿ ಪೆಟ್ಟಾದರೆ ಉಸಿರಾಟ ಉಳಿದರೂ ಪಕ್ಕೆಲುಬು, ಹೊಟ್ಟೆಯ ಸ್ನಾಯುಗಳು ಸೋತು ಕೆಮ್ಮು ಕ್ಷೀಣಿಸುತ್ತದೆ. ಕಫ ಕಟ್ಟಿ ಶ್ವಾಸಕೋಶದ ಭಾಗ ಕುಸಿಯುವುದು ಅಟೆಲೆಕ್ಟಾಸಿಸ್. ಮುಂದಿನ ಅಪಾಯ ನ್ಯುಮೋನಿಯಾ.

• ಆರೈಕೆ: ರೋಗಿ ಕೆಮ್ಮುವ ಕ್ಷಣಕ್ಕೇ ತರಬೇತಿ ಪಡೆದವರು ಪಕ್ಕೆಲುಬಿನ ಕೆಳಗೆ ಅಂಗೈಯಿಟ್ಟು ಮೇಲ್ಮುಖವಾಗಿ ಒತ್ತುತ್ತಾರೆ, ಕಫ ಸಡಿಲಗೊಂಡು ಹೊರಬರುತ್ತದೆ. ಈ ಸರಳ ಒತ್ತು ಜೀವ ಉಳಿಸಬಲ್ಲದು.

• ಉದಾಹರಣೆ: ‘ಸೂಪರ್‌ಮ್ಯಾನ್’ ನಟ ಕ್ರಿಸ್ಟೋಫರ್ ರೀವ್ 1995ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಕುದುರೆಯಿಂದ ಬಿದ್ದು ವೆಂಟಿಲೇಟರ್ ಅವಲಂಬಿಸಿದರು. 2003ರಲ್ಲಿ ಅವರ ವಪೆಗೆ ವಿದ್ಯುತ್ ಪ್ರಚೋದಕ ಅಳವಡಿಸಲಾಯಿತು; 2004ರಲ್ಲಿ ನಿಧನರಾದರು.