ಆಂದೋಲನ, ಅಲೆ, ಬೆಳಕು: ಓದು ಫೇಸ್‌ನಿಂದ ಶುರುವಾಗಲಿ

ಬಿ.ಎಸ್ಸಿ. ಭೌತವಿಜ್ಞಾನದ ಆರಂಭದಲ್ಲಿ ಬರುವ ಆಂದೋಲನ, ಅಲೆ ಮತ್ತು ಬೆಳಕಿನ ಪಾಠಗಳನ್ನು ಹೆಚ್ಚಿನವರು ಮೂರು ಬೇರೆ ಬೇರೆ ವಿಷಯಗಳೆಂಬಂತೆ ಓದುತ್ತಾರೆ. ಒಂದು ಟೆಸ್ಟಿಗೆ ಲೋಲಕ, ಇನ್ನೊಂದಕ್ಕೆ ತಂತಿ ಮತ್ತು ಶಬ್ದ, ಕೊನೆಗೆ ನ್ಯೂಟನ್ ಉಂಗುರ, ಗ್ರೇಟಿಂಗ್. ಹೀಗಾದಾಗ ಬಾಯಿಪಾಠದ ಸೂತ್ರಗಳು ಬೆಳೆಯುತ್ತಲೇ ಹೋಗುತ್ತವೆ. ಈ ಮೂರನ್ನೂ ಕಟ್ಟಿಹಾಕಿರುವ ಕಲ್ಪನೆ ಒಂದೇ, ಅದು ಫೇಸ್. ತೂಗಾಡುವ ವಸ್ತು ತನ್ನ ಸುತ್ತಿನ ಯಾವ ಘಟ್ಟದಲ್ಲಿದೆ ಎಂಬ ಲೆಕ್ಕವೇ ಫೇಸ್. ಆದ್ದರಿಂದ ಮೊದಲು ಕ್ಯಾಲ್ಕುಲೇಟರನ್ನು ರೇಡಿಯನ್‌ಗೆ ಬದಲಿಸಿ, ಒಂದು ಪೂರ್ತಿ ಸುತ್ತೆಂದರೆ ಎರಡು ಪೈ ಎಂಬುದನ್ನು ರೂಢಿ ಮಾಡಿಕೊಳ್ಳಿ. ಆಮೇಲೆ ಗ್ರಾಫ್ ಹಾಳೆಯಲ್ಲಿ ಒಂದೇ ಎತ್ತರದ ಎರಡು ಸೈನ್ ರೇಖೆ ಎಳೆದು, ಬಿಂದು ಬಿಂದುವಾಗಿ ಕೂಡಿಸಿ. ಫೇಸ್ ಒಂದೇ ಇದ್ದರೆ ಎತ್ತರ ಎರಡು ಪಟ್ಟಾಗುತ್ತದೆ. ಅರ್ಧ ಸುತ್ತು ಸರಿಸಿದರೆ ಸೊನ್ನೆ. ಕಾಲು ಸುತ್ತು ಸರಿಸಿದರೆ ಸುಮಾರು 1.41 ಪಟ್ಟು. ಬೆಳಕಿನ ಪ್ರಖರತೆ ಈ ಎತ್ತರದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಕ್ರಮವಾಗಿ 4, 0 ಮತ್ತು 2 ಪಟ್ಟು. ವ್ಯತಿಕರಣದ ಪಾಠದ ತಿರುಳು ಈ ಒಂದು ಹಾಳೆಯಲ್ಲೇ ಇದೆ.

ಮುಂದಿನ ಹೆಜ್ಜೆಗೆ ಒಂದು ಹಗ್ಗ ಸಾಕು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿ, ಇನ್ನೊಂದನ್ನು ಒಮ್ಮೆ ಮೇಲಕ್ಕೆ ಝಾಡಿಸಿ. ಉಬ್ಬಾಗಿ ಹೋದದ್ದು ತಗ್ಗಾಗಿ ಮರಳುತ್ತದೆ, ಅಂದರೆ ಫೇಸ್ ಪೈ ಅಷ್ಟು ಬದಲಾಗಿದೆ. ಈಗ ಲ್ಯಾಬಿನ ನ್ಯೂಟನ್ ಉಂಗುರಗಳಿಗೆ ಬನ್ನಿ. ಮಸೂರ ಗಾಜಿನ ಹಲಗೆಗೆ ತಾಗುವ ನಡುಬಿಂದುವಿನಲ್ಲಿ ಗಾಳಿಯ ಪದರವೇ ಇಲ್ಲ, ಎರಡು ಕಿರಣಗಳ ದಾರಿಯಲ್ಲಿ ವ್ಯತ್ಯಾಸವೂ ಇಲ್ಲ. ಹಾಗಿದ್ದರೆ ಅಲ್ಲಿ ಬೆಳಕಿರಬೇಕಿತ್ತು, ಆದರೆ ಕಾಣುವುದು ಕಪ್ಪು ಚುಕ್ಕೆ. ಕೆಳಗಿನ ಗಾಜಿಗೆ ಬಡಿದು ಮರಳುವ ಕಿರಣ, ಸರಳಿಗೆ ಕಟ್ಟಿದ ಹಗ್ಗದ ಅಲೆಯಂತೆಯೇ, ತಲೆಕೆಳಗಾಗಿ ಬರುತ್ತದೆ. ಮಸೂರದ ತಳದಿಂದ ಮರಳುವ ಕಿರಣ ಹಾಗೆ ತಲೆಕೆಳಗಾಗುವುದಿಲ್ಲ, ಹಾಗಾಗಿ ಎರಡೂ ಸೇರಿ ಸೊನ್ನೆಯಾಗುತ್ತವೆ. ನಡುವೆ ಧೂಳು ಸಿಕ್ಕಿಕೊಂಡು ಕೆಲವೊಮ್ಮೆ ಕೇಂದ್ರ ಬೆಳಗಿ ಕಾಣುವುದುಂಟು. ಅದಕ್ಕೆ ಗಾಬರಿ ಬೇಡ. ಉಂಗುರದ ವ್ಯಾಸದ ವರ್ಗವನ್ನು ಉಂಗುರದ ಸಂಖ್ಯೆಗೆ ಎದುರಾಗಿ ಗುರುತಿಸಿ, ಗೆರೆಯ ಇಳಿಜಾರಿನಿಂದ ತರಂಗದೂರ ತೆಗೆದರೆ ಕೇಂದ್ರದ ದೋಷ ಲೆಕ್ಕಕ್ಕೆ ಬರುವುದಿಲ್ಲ. ಸೋಡಿಯಂ ದೀಪಕ್ಕೆ ಉತ್ತರ 589 ನ್ಯಾನೋಮೀಟರ್ ಆಸುಪಾಸಿನಲ್ಲಿರಬೇಕು.

ಅಂಕಗಳೆಲ್ಲ ಡೆರಿವೇಷನ್‌ಗೇ ಇರುವಾಗ ಇದಕ್ಕೆಲ್ಲ ಸಮಯವೆಲ್ಲಿ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಆದರೆ ಉತ್ತರ ಪತ್ರಿಕೆಯಲ್ಲಿ ಕಪ್ಪು ಉಂಗುರದ ಸೂತ್ರ ಬೆಳಕಿನ ಉಂಗುರಕ್ಕೆ ಅಂಟಿಕೊಳ್ಳುವುದು ಆ ಪೈ ಫೇಸ್, ಅಂದರೆ ಅರ್ಧ ತರಂಗದೂರ, ಎಲ್ಲಿಂದ ಬಂತೆಂದು ತಿಳಿಯದೇ ಇದ್ದಾಗ. ಕಾರಣ ಗೊತ್ತಿದ್ದವರು ಎರಡನ್ನೂ ನಿಂತ ನಿಲುವಿನಲ್ಲಿ ಬರೆಯಬಲ್ಲರು. ಗಣಿತ ಕಷ್ಟ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಬಲವಂತದ ಆಂದೋಲನದ ಸಮೀಕರಣ ಒಂದೇ ಓದಿಗೆ ದಕ್ಕುವುದಿಲ್ಲ, ಪೆನ್ನು ಹಿಡಿದು ಮೂರ್ನಾಲ್ಕು ಸಲ ಬಿಡಿಸಲೇಬೇಕು. ಅಲ್ಲೂ ಫೇಸ್ ನೆರವಿಗೆ ಬರುತ್ತದೆ. ಆವೃತ್ತಿ ಏರಿದಂತೆ ವಸ್ತು ಬಲಕ್ಕಿಂತ ಹಿಂದೆ ಬೀಳುತ್ತಾ ಹೋಗಿ, ಸಹಜ ಆವೃತ್ತಿಯಲ್ಲಿ ಸರಿಯಾಗಿ ಕಾಲು ಸುತ್ತು ಹಿಂದಿರುತ್ತದೆ. ಆಗ ಬಲ ಮತ್ತು ವೇಗ ಜೊತೆಜೊತೆಗೆ ಸಾಗುವುದರಿಂದ ಶಕ್ತಿ ಪೂರ್ತಿಯಾಗಿ ಒಳಹೋಗುತ್ತದೆ. ಅನುರಣನ ಎಂದರೆ ಇದೇ.

ಬೆಳಕಿನ ಅಧ್ಯಾಯಕ್ಕೆ ಬಂದಾಗ ಒಂದು ತಲೆಗೂದಲನ್ನು ಕೆಂಪು ಲೇಸರ್ ಪಾಯಿಂಟರ್ ಮುಂದೆ ಅಂಟಿಸಿ, ಎರಡು ಮೀಟರ್ ದೂರದ ಗೋಡೆಯ ಮೇಲೆ ಬೀಳುವ ಪಟ್ಟಿಗಳನ್ನು ನೋಡಿ. ಪಾಯಿಂಟರ್ ಯಾರ ಕಣ್ಣಿಗೂ ತಾಗದಿರಲಿ. ಕಪ್ಪು ಜಾಗಗಳ ನಡುವಿನ ಅಂತರ 19 ಮಿಲಿಮೀಟರ್ ಇದ್ದು, ತರಂಗದೂರ 650 ನ್ಯಾನೋಮೀಟರ್ ಆಗಿದ್ದರೆ ಕೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್. ಹೀಗೆ ಅಳೆದವರಿಗೆ ವಿವರ್ತನೆಯ ಸೂತ್ರ ಮರೆಯುವುದು ಕಷ್ಟ.

ಪಠ್ಯಕ್ರಮದಲ್ಲಿ ಫೇಸ್ ಹೀಗೆ ಮೊದಲಿಗೇ ಬರುವುದಿಲ್ಲವಲ್ಲ ಎನ್ನಬಹುದು. ಆದರೆ ಎ.ಪಿ. ಫ್ರೆಂಚ್ ಎಂಐಟಿ ವಿದ್ಯಾರ್ಥಿಗಳಿಗಾಗಿ ಬರೆದ ‘ವೈಬ್ರೇಷನ್ಸ್ ಅಂಡ್ ವೇವ್ಸ್’ ಪುಸ್ತಕ ಆಂದೋಲನಗಳನ್ನು ಕೂಡಿಸುವುದನ್ನು ಎರಡನೇ ಅಧ್ಯಾಯದಲ್ಲೇ ಕಲಿಸುತ್ತದೆ, ಸ್ಪ್ರಿಂಗಿನ ಸಮೀಕರಣಗಳು ಬರುವುದು ಅದರ ನಂತರ. ಆ ಪುಸ್ತಕದ ಮೊದಲ ಎರಡು ಅಧ್ಯಾಯಗಳನ್ನು ಸೆಮಿಸ್ಟರಿನ ಮೊದಲ ವಾರದಲ್ಲೇ, ಗ್ರಾಫ್ ಹಾಳೆ ಪಕ್ಕದಲ್ಲಿಟ್ಟುಕೊಂಡು ಓದಿ ಮುಗಿಸಿ.